ಕುಟ್ಟಿ ಬಿಡೋದಾ, ಒತ್ತಿ ಹಿಡಿಯೋದಾ?

ಶಿವರಂಜಿನಿ: ಕುಟ್ಟಿ ಬುಡಬೇಕು!

ಶಿವಸ್ವಾಮಿ: ಒತ್ತಿ ಇಡ್ಕಬೇಕು!

ಶಿವರಂಜಿನಿ: ಕುಟ್ಟಿ ಬುಡಬೇಕು ರೀ. ಕುಟ್ಟು, ಬುಡು, ಕುಟ್ಟು, ಬುಡು. ನಂಗೆ ಕಾರ್ ಕಲಿಸಿದ ಲಿಯಾಕತ್ ಅಣ್ಣ ಹಂಗೇ ಹೇಳ್ಕೊಟ್ಟಿರೋದು.

ಶಿವಸ್ವಾಮಿ: ಕುಟ್ಟಕ್ಕೆ ಅದೇನು ಖಾರದಪುಡಿನಾ? ಬ್ರೇಕು ಕಣಮ್ಮಿ, ಬ್ರೇಕು! ನಮ್ ಕಾರಲ್ಲಿ ಎಬಿಎಸ್ ಅದೆ. ಶೋರೂಮಿನವನು ಕೈ ಮುಗ್ದು ಏಳವ್ನೆ. ಸಾರ್, ಏನಾದ್ರೂ ದಿಢೀರಂತ ಅಡ್ಡ ಬಂದ್ರೆ ಒಂದೇ ಸಲ ಗಟ್ಟಿಯಾಗಿ ಒತ್ತಿ, ಹಂಗೇ ಇಡ್ಕಳಿ, ದಮ್ಮಯ್ಯ ಬುಡಬೇಡಿ ಅಂತ.

ಶಿವರಂಜಿನಿ: ಒತ್ತಿದ್ದೀರಾ?

ಶಿವಸ್ವಾಮಿ: ಏನ?

ಶಿವರಂಜಿನಿ: ಬ್ರೇಕು. ಹಂಗೆ ಗಟ್ಟಿಯಾಗಿ ಒತ್ತಿದ್ದೀರಾ, ಯಾವತ್ತಾದ್ರೂ?

ಶಿವಸ್ವಾಮಿ: ಒತ್ತೋ ಅಂಥ ಪರಿಸ್ಥಿತಿ ನಾನು ತಂದ್ಕಂಡಿಲ್ಲ. ಅದಕ್ಕೇ ಡ್ರೈವಿಂಗ್ ಅನ್ನೋದು.

ಪರಿಸ್ಥಿತಿ ಬರುವುದಾದರೂ ಎಲ್ಲಿಂದ? ಆಯುಧಪೂಜೆಗೆ ಮನೆಗೆ ಬಂದ ಕಾರು, ಸಂಕ್ರಾಂತಿ ಹತ್ತಿರ ಬಂದರೂ ಚಾಮರಾಜನಗರದ ಆ ಬೀದಿ ದಾಟಿದ್ದೇ ಅಪರೂಪ. ಸೀಟಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿಲ್ಲ. ಶಿವಸ್ವಾಮಿ ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರು. ಹೋಗುವುದು ಬರುವುದು ಕಂಪನಿ ಬಸ್ಸಿನಲ್ಲಿ. ಕಾರು ಮನೆಯಲ್ಲಿ ಹೊದ್ದು ಮಲಗಿರುತ್ತದೆ. ಸಂಜೆ ಬಂದವನು ಹೊದಿಕೆ ತೆಗೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತು, ಹಾರ್ನನ್ನು ಒಂದು ಸಲ ಮೆಲ್ಲಗೆ ಒತ್ತಿ, ಇಳಿದು ಮತ್ತೆ ಹೊದಿಸುತ್ತಾನೆ. ಹೆತ್ತ ಮಕ್ಕಳನ್ನೂ ಯಾರೂ ಹೀಗೆ ಸಾಕುವುದಿಲ್ಲ, ಬಿಡಿ.

ಈಗ ಬಂದಿರುವ ತಾಪತ್ರಯ ಇಷ್ಟೇ. ರೇಷ್ಮೆ ಇಲಾಖೆಯಲ್ಲಿ ಕೆಲಸ ಮಾಡುವ ಶಿವರಂಜಿನಿಗೆ ಗುಂಡ್ಲುಪೇಟೆಗೆ ವರ್ಗವಾಗಿದೆ. ಸೋಮವಾರದಿಂದ ದಿನಾ ಹೋಗಿ ಬರಬೇಕು. ಕಾರಿನಲ್ಲಿ ಹೋಗುತ್ತೇನೆ ಎಂದು ಅವಳು, ಬಸ್ಸಿನಲ್ಲಿ ಹೋಗು ಎಂದು ಇವನು. ಲೈಸೆನ್ಸು ಅವಳ ಬ್ಯಾಗಿನಲ್ಲಿದೆ. ಕೀ ಇವನ ಉಡಿದಾರದಲ್ಲಿದೆ.

ಶಿವರಂಜಿನಿ: ಕೀ ಕೊಡಿ.

ಶಿವಸ್ವಾಮಿ: ಕೊಡ್ತೀನಿ. ಒಂದು ಪರೀಕ್ಷೆ ಪಾಸಾಗು, ಕೊಡ್ತೀನಿ. ಇವತ್ತು ಭಾನುವಾರ. ಗುಂಡ್ಲುಪೇಟೆ ರೋಡಲ್ಲಿ ನೀನು ಓಡ್ಸು, ನಾನು ಪಕ್ಕದಲ್ಲಿ ಕುಂತ್ಕತೀನಿ. ಇದ್ದಕ್ಕಿದ್ದಂಗೆ ನಿಲ್ಸು ಅಂತೀನಿ. ಆ ಕಡೆ ಈ ಕಡೆ ಓಲಾಡ್ದೆ, ಗದ್ದೆಗೆ ಇಳೀದೆ, ಕಾರ್ ನಿಂತ್ಕಬೇಕು. ನಿಂತ್ರೆ ಕೀ ನಿಂದು. ನಿಲ್ಲಲಿಲ್ಲ ಅಂದ್ರೆ ಬಸ್ಸು.

ಶಿವರಂಜಿನಿ: ಆಯ್ತು. ನಿಂತಿದ್ಯೋ ಇಲ್ವೋ ಅಂತ ಹೇಳೋರು ಯಾರು?

ಶಿವಸ್ವಾಮಿ: ನಾನೇ.

ಶಿವರಂಜಿನಿ: ಅದಕ್ಕಿಂತ ಈಗ್ಲೇ ಬಸ್ ಪಾಸ್ ಮಾಡ್ಸಿಬುಡಿ. ಲಿಯಾಕತ್ ಅಣ್ಣನ್ನ ಕರೀರಿ.

ಲಿಯಾಕತ್ ಅಲಿ ತಮ್ಮ ಎಲ್ ಬೋರ್ಡಿನ ಮಾರುತಿ 800ನಲ್ಲಿ ಬಂದರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿರುವುದು ಅವರೇ. ಉಳಿದರ್ಧ ಜನ ಆ ಅರ್ಧದವರಿಗೆ ಹೆದರಿ ರಸ್ತೆಯ ಅಂಚಿನಲ್ಲಿ ನಡೆಯುತ್ತಾರೆ. ಕಾರಿನಿಂದ ಇಳಿದವರು ಟೋಪಿ ಸರಿಮಾಡಿಕೊಂಡು, ಗಂಡ ಹೆಂಡತಿ ಇಬ್ಬರ ವಾದವನ್ನೂ ಕೇಳಿ, ಗಡ್ಡ ನೀವಿಕೊಂಡರು.

ಲಿಯಾಕತ್: ಇಬ್ರೂ ಸರಿ.

ಶಿವಸ್ವಾಮಿ: ಇಬ್ರೂ ಸರಿ ಅಂದ್ರೆ ಆಗಲ್ಲ ಭಾಯ್. ಒಬ್ರು ಸರಿ ಇರಬೇಕು. ಅದು ನಾನಾಗಿರಬೇಕು.

ಲಿಯಾಕತ್: ನನ್ನ ಗಾಡಿಗೆ ತಂಗಿ ಹೇಳಿದ್ದು ಸರಿ, ನಿಮ್ಮ ಗಾಡಿಗೆ ನೀವು ಹೇಳಿದ್ದು ಸರಿ. ನೋಡಿ ಸಾರ್, ಓಡ್ತಾ ಇರೋ ಎತ್ತಿನ ನಾಕು ಕಾಲೂ ಒಂದೇ ಸಲ ಕಟ್ಬುಟ್ರೆ ಅದು ನಿಂತ್ಕೊಳತ್ತಾ?

ಶಿವಸ್ವಾಮಿ: ಯಾರ ಎತ್ತು?

ಲಿಯಾಕತ್: ಯಾರದೋ ಒಂದು.

ಶಿವಸ್ವಾಮಿ: ಓಡೋ ಎತ್ತಿನ ಕಾಲು ಯಾಕ್ ಕಟ್ಟವ್ರೆ ಭಾಯ್? ತಲೆ ಕೆಟ್ಟದಾ ಅವ್ರಿಗೆ?

ಲಿಯಾಕತ್: ಉದಾಹರಣೆಗೆ ಸಾರ್, ಉದಾಹರಣೆಗೆ! ನಿಂತ್ಕೊಳಲ್ಲ, ಬಿದ್ದು ಜಾರ್ಕೊಂಡು ಹೋಗತ್ತೆ. ತಿರುಗು ಅಂದ್ರೂ ತಿರುಗಲ್ಲ. ಹಳೇ ಕಾರಿನ ಚಕ್ರನೂ ಹಂಗೇ. ಜೋರಾಗಿ ತುಳಿದ್ರೆ ಚಕ್ರ ಲಾಕಾಗತ್ತೆ, ಕಾರು ಜಾರತ್ತೆ. ಆವಾಗ ಸ್ಟೇರಿಂಗ್ ತಿರುಗಿಸಿದ್ರೆ ಸ್ಟೇರಿಂಗ್ ಮಾತ್ರ ತಿರುಗತ್ತೆ, ಕಾರ್ ತಿರುಗಲ್ಲ. ಅದಕ್ಕೇ ಕುಟ್ಟಬೇಕು, ಬುಡಬೇಕು, ಕುಟ್ಟಬೇಕು, ಬುಡಬೇಕು. ನಿಮ್ಮ ಎಬಿಎಸ್ಸು ಆ ಕೆಲಸ ತಾನೇ ಮಾಡ್ಕೊಳತ್ತೆ, ಟಕಟಕಟಕ ಅಂತ. ನೀವು ಒತ್ತಿ ಹಿಡ್ಕೊಂಡು, ಸ್ಟೇರಿಂಗ್ ಕಡೆ ನಿಗಾ ಇಟ್ರೆ ಸಾಕು.

ಶಿವಸ್ವಾಮಿ: ನಿಮ್ ಗಾಡಿಲಿ ಎಬಿಎಸ್ ಇಲ್ವಾ?

ಲಿಯಾಕತ್: (ಬಲಗಾಲು ಮುಂದಿಟ್ಟು) ಇದ್ಯಲ್ಲ ಸಾರ್. ಇದೇ.

ಶಿವರಂಜಿನಿ: ಕೇಳುದ್ರಾ? ಕೊಳ್ಳೇಗಾಲದ ರೋಡಲ್ಲಿ ಎಮ್ಮೆ ಅಡ್ಡ ಬಂತಲ್ಲ, ಆವತ್ತು ನಾನು ಹೆಂಗೆ ನಿಲ್ಲಿಸ್ದೆ, ಹೇಳಣ್ಣ ಇವ್ರಿಗೆ. ಎಮ್ಮೆ ಮೂಗು ಬಾನೆಟ್ಟಿಗೆ ತಾಗ್ತಾ ಇತ್ತು, ಆದ್ರೆ ತಾಗ್ಲಿಲ್ಲ!

ಲಿಯಾಕತ್ ಅಲಿ ಟೋಪಿ ತೆಗೆದು ಒಳಗೆ ನೋಡಿದರು. ಅಲ್ಲೇನೂ ಇರಲಿಲ್ಲವೆಂದು ಕಾಣುತ್ತದೆ, ಮತ್ತೆ ಹಾಕಿಕೊಂಡರು.

ಲಿಯಾಕತ್: ಅದು... ನಾನು, ತಂಗಿ.

ಶಿವರಂಜಿನಿ: ನೀವಾ?

ಲಿಯಾಕತ್: ಕಲಿಸೋ ಗಾಡಿ ಅಲ್ವಾ? ನನ್ನ ಕಾಲ ಹತ್ರನೂ ಒಂದು ಬ್ರೇಕ್ ಇತ್ತಲ್ಲ.

ಶಿವರಂಜಿನಿ: ಬಸ್‌ಸ್ಟ್ಯಾಂಡ್ ಹತ್ರ ಆಟೋ ನುಗ್ಗಿತಲ್ಲ, ಆವಾಗ?

ಲಿಯಾಕತ್: ನಾನೇ.

ಶಿವರಂಜಿನಿ: ಲೈಸೆನ್ಸ್ ಟೆಸ್ಟ್ ದಿವಸ? ಆವತ್ತು ನೀವು ಗಾಡಿಲೇ ಇರ್ಲಿಲ್ಲ!

ಲಿಯಾಕತ್: ಆವತ್ತು ಗಾಡಿ ತಾನಾಗೇ ಆಫ್ ಆಯ್ತು ತಂಗಿ. ನಿಂಗೆ ಬೇಜಾರಾಗತ್ತೆ ಅಂತ ಭೇಷ್ ಅಂದೆ.

ಶಿವಸ್ವಾಮಿ ಚಪ್ಪಾಳೆ ತಟ್ಟಿದ. ಇಂಥ ಖುಷಿ ಅವನಿಗೆ ಕಾರು ಬಂದ ದಿನವೂ ಆಗಿರಲಿಲ್ಲ.

ಶಿವಸ್ವಾಮಿ: ಗೆದ್ದೆ! ಇವಳು ಬ್ರೇಕೇ ಮುಟ್ಟಿಲ್ಲ ಭಾಯ್! ಬಸ್ಸೇ ಗತಿ!

ಶಿವರಂಜಿನಿ: ತಡೀರಿ. ಅಣ್ಣ, ನೀವು ಎಬಿಎಸ್ ಇರೋ ಕಾರು ಓಡ್ಸಿದ್ದೀರಾ?

ಲಿಯಾಕತ್: ನಾನಾ? ...ನೋಡಿದ್ದೀನಿ.

ಅಲ್ಲಿಗೆ ಲೆಕ್ಕ ಸರಿಹೋಯಿತು. ಒತ್ತಬೇಕು ಎನ್ನುವವನು ಒತ್ತಿಲ್ಲ, ಕುಟ್ಟಬೇಕು ಎನ್ನುವವಳು ಕುಟ್ಟಿಲ್ಲ, ತೀರ್ಪು ಕೊಡಲು ಬಂದವರಿಗೆ ಆ ಬ್ರೇಕಿನ ಮುಖಪರಿಚಯ ಮಾತ್ರ. ನಮ್ಮ ಕಡೆ ಯಾವ ವಾದವೂ ಇದಕ್ಕಿಂತ ಗಟ್ಟಿ ಅಡಿಪಾಯದ ಮೇಲೆ ನಿಂತಿರುವುದಿಲ್ಲ. ಮೂವರೂ ಕಾರು ಹತ್ತಿದರು.

ಹೆಂಡತಿ ಸ್ಟೇರಿಂಗಿನ ಮುಂದೆ, ಗಂಡ ಪಕ್ಕದಲ್ಲಿ, ಲಿಯಾಕತ್ ಅಲಿ ಹಿಂದೆ. ಕೂತಾಗ ಸೀಟಿನ ಪ್ಲಾಸ್ಟಿಕ್ಕು ಮೂರು ಕಡೆಯಿಂದಲೂ ಕಿರುಗುಟ್ಟಿತು.

ಶಿವಸ್ವಾಮಿ: ನಿಲ್ಸು!

ಶಿವರಂಜಿನಿ: ಇನ್ನೂ ಗೇಟೇ ದಾಟಿಲ್ಲ.

ಶಿವಸ್ವಾಮಿ: ನಿಂಬೆಹಣ್ಣು ಇಡಾದು ಮರ್ತೋಯ್ತು. ಓಗ್ಲಿ ಬುಡು, ನಡಿ. ನಿಲ್ಸು, ನಿಲ್ಸು!

ಶಿವರಂಜಿನಿ: ಈಗೇನು?

ಶಿವಸ್ವಾಮಿ: ಕಾಗೆ.

ಶಿವರಂಜಿನಿ: ಅದು ಕಂಬದ ಮೇಲಿದೆ.

ಶಿವಸ್ವಾಮಿ: ಇಳ್ದ್ರೆ? ನಿಧಾನ, ನಿಧಾನ. ನಿಲ್ಸಮ್ಮಿ, ಮುಂದೆ ಬಸ್ ಬತ್ತಾ ಅದೆ!

ಶಿವರಂಜಿನಿ: ಅದು ಆ ಕಡೆ ಬರ್ತಾ ಇದೆ. ಅದರ ರೋಡು ಅದಕ್ಕೆ, ನಮ್ಮ ರೋಡು ನಮಗೆ.

ಶಿವಸ್ವಾಮಿ: ನಿಲ್ಸಂದ್ರೆ ನಿಲ್ಸದೇ ಇಲ್ಲ ನೋಡಿ ಭಾಯ್! ಪರೀಕ್ಷೆ ಫೇಲು!

ಲಿಯಾಕತ್: ಸಾರ್, ಊರು ಬುಟ್ಟಾಗಿಂದ ನೀವು ನಿಲ್ಸು ಅನ್ನೋದೇ ನಿಲ್ಸಿಲ್ಲ. ಇದರಲ್ಲಿ ಪರೀಕ್ಷೆದು ಯಾವುದು, ಬರೀ ಭಯದ್ದು ಯಾವುದು ಅಂತ ತಂಗಿಗೆ ಹೆಂಗೆ ಗೊತ್ತಾಗಬೇಕು? ಬೇರೆ ಒಂದು ಮಾತು ಇಟ್ಕೊಳ್ಳೋಣ. ಇಲ್ಲಿ ಯಾರೂ ಸುಮ್ಸುಮ್ನೆ ಬಾಯಿಗೆ ತರದೇ ಇರೋ ಮಾತು.

ಶಿವಸ್ವಾಮಿ: ಯಾವ್ದು?

ಲಿಯಾಕತ್: ಆನೆ. ಆನೆ ಅಂದ ತಕ್ಷಣ ಬ್ರೇಕು. ಬಾಕಿ ಏನೇ ಕೂಗಾಡಿದ್ರೂ ಲೆಕ್ಕಕ್ಕಿಲ್ಲ. ಒಪ್ಪಿಗೆನಾ?

ಶಿವಸ್ವಾಮಿ: ಒಪ್ಪಿಗೆ.

ಶಿವರಂಜಿನಿ: ನಂಗೂ ಒಪ್ಪಿಗೆ. ಇನ್ನು ನೀವು ಎಷ್ಟು ಬೇಕಾದ್ರೂ ಕೂಗಿ, ನಾನು ಆರಾಮಾಗಿರ್ತೀನಿ.

ಅವಳು ಆರಾಮಾಗಿಯೇ ಇದ್ದಳು. ಶಿವಸ್ವಾಮಿ ಮಾತ್ರ ಇರಲಿಲ್ಲ. ಎದುರಿಗೆ ಸೈಕಲ್ಲು ಕಂಡರೂ ಅವನ ಬಲಗಾಲು ತಾನಾಗಿ ಎದ್ದು ಕೆಳಗಿನ ಮ್ಯಾಟನ್ನು ತುಳಿಯುತ್ತಿತ್ತು. ಮೇಕೆಗೆ ಒಂದು ತುಳಿತ, ತಿರುವಿಗೆ ಒಂದು ತುಳಿತ, ರಸ್ತೆ ಉಬ್ಬಿಗೆ ಎರಡೂ ಕಾಲು. ಹರವೆ ಕಡೆಯ ಹೊಲಗಳು ಶುರುವಾಗುವ ಹೊತ್ತಿಗೆ ಅವನು ಬೆವೆತಿದ್ದ. ಕಾರು ಓಡಿಸುತ್ತಿದ್ದವಳಿಗೆ ಸುಸ್ತಿಲ್ಲ, ಪಕ್ಕ ಕೂತವನಿಗೆ ಮೀನಖಂಡ ಹಿಡಿದುಕೊಂಡಿತ್ತು.

ಅಲ್ಲಿ ರಸ್ತೆಯ ಅರ್ಧಕ್ಕೆ ಹುರುಳಿ ಗಿಡ ಹರಡಿದ್ದರು. ಸುಗ್ಗಿಯ ದಿನಗಳಲ್ಲಿ ಈ ಕಡೆ ಇದು ಇದ್ದದ್ದೇ. ಕಿತ್ತ ಗಿಡವನ್ನು ಟಾರು ರಸ್ತೆಗೆ ಹಾಸಿದರೆ ಆಯಿತು, ಹೋಗುವ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಕಣವೂ ಬೇಡ, ಎತ್ತೂ ಬೇಡ.

ಶಿವಸ್ವಾಮಿ: ನೋಡಿ ಭಾಯ್, ರೋಡ್ ತುಂಬ ಉಳ್ಳಿ! ಗಾಡಿ ಜಾರ್ದ್ರೆ ಯಾರ್ ಜವಾಬ್ದಾರಿ? ಯೋಳೋರಿಲ್ಲ ಕೇಳೋರಿಲ್ಲ. ಬಂಡೀಪುರದ ಕಡೆ ಇಂಗೆ ಆಕ್ಲಿ ನೋಡನ, ಗಮಗಮ ಅನ್ನಕ್ಕಿಲ್ವಾ, ಅತ್ತ ತಿರುಗಾದ್ರೊಳ್ಗೆ ಆನೆ ಬಂದು...

ಶಿವರಂಜಿನಿ ತುಳಿದಳು.

ಕಾರು ಮೂತಿ ಕೆಳಗೆ ಮಾಡಿತು. ಟೈರಿನಡಿ ಹುರುಳಿ ಚಟಚಟ ಅಂದಿತು, ಪೆಡಲು ಅವಳ ಕಾಲಡಿ ಟಕಟಕಟಕ ಒದೆಯತೊಡಗಿತು, ಕಾರು ಮಾತ್ರ ಹುರುಳಿಯ ಮೇಲೆ ಮುಂದಕ್ಕೆ ಹೋಗುತ್ತಲೇ ಇತ್ತು. ನಟ್ಟನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ.

ಶಿವರಂಜಿನಿ: ಅಯ್ಯಯ್ಯೋ, ಬ್ರೇಕು ಒದೀತಾ ಇದೆ! ನನ್ನೇ ಒದೀತಾ ಇದೆ!

ಲಿಯಾಕತ್: ಅದೇ ಎಬಿಎಸ್ಸು! ಬುಡಬೇಡ! ಒತ್ತು! ...ಕುಟ್ಟು!

ಶಿವಸ್ವಾಮಿ: ಒತ್ತದೋ ಕುಟ್ಟದೋ, ಒಂದ್ ಏಳ್ರಿ!

ಲಿಯಾಕತ್: ಕುಟ್ಟಬೇಡ! ಅಭ್ಯಾಸಬಲ, ಬಾಯಿಗೆ ಬಂದ್ಬುಡ್ತು! ಒತ್ತಿ ಹಿಡಿ, ಎಡಕ್ಕೆ ತಗೋ!

ಶಿವಸ್ವಾಮಿ: ಅಪ್ಪಾ ಮಾದಪ್ಪಾ!

ಅವಳು ಪೆಡಲು ಬಿಡಲಿಲ್ಲ. ಸ್ಟೇರಿಂಗು ತಿರುಗಿಸಿದಳು. ಅಷ್ಟು ಜಾರುವ ಹುರುಳಿಯ ಮೇಲೂ ಕಾರು ಹೇಳಿದ ಮಾತು ಕೇಳಿತು. ಕುರ್ಚಿಯನ್ನು ಬಲಕ್ಕೆ ಬಿಟ್ಟು, ಎಡಕ್ಕೆ ಸರಿದು, ರಸ್ತೆಯ ಮೇಲೇ ನಿಂತುಬಿಟ್ಟಿತು.

ಶಿವಸ್ವಾಮಿ: ನೋಡ್ದಾ? ಎಂಗ್ ನಿಲ್ಲಿಸ್ದೆ!

ಶಿವರಂಜಿನಿ: ಯಾರು?

ಶಿವಸ್ವಾಮಿ: ನಾನು! ಇಲ್ಲಿ ನೋಡು!

ಅವನ ಕಾಲ ಬಳಿ ಮ್ಯಾಟು ಮುದ್ದೆಯಾಗಿತ್ತು. ಅದರ ಪ್ಲಾಸ್ಟಿಕ್ಕು ಹರಿದಿತ್ತು. ಚಪ್ಪಲಿಯ ಉಂಗುಟ ಕಿತ್ತುಬಂದಿತ್ತು.

ಲಿಯಾಕತ್: ಭೇಷ್ ತಂಗಿ. ಈ ಸಲ ನಿಜವಾದ ಭೇಷು. ಉದುರು ಸಾಮಾನಿನ ಮೇಲೆ ಎಬಿಎಸ್ ಇದ್ರೂ ಗಾಡಿ ಒಂದಿಷ್ಟು ಮುಂದಕ್ಕೆ ಹೋಗೇ ಹೋಗತ್ತೆ. ಆದ್ರೆ ಸ್ಟೇರಿಂಗ್ ಮಾತು ಕೇಳತ್ತೆ ನೋಡು, ಅದೇ ಮುಖ್ಯ. ಸಾರ್, ಪಾಸು.

ಶಿವಸ್ವಾಮಿ: ಎಂಗ್ ಪಾಸು? ಲೆಕ್ಕಕ್ಕಿಲ್ಲ! ನಾನು ಆನೆ ಅಂತ ಏಳ್ಲಿಲ್ಲ. ಆನೆ ವಿಷಯ ಏಳ್ತಿದ್ದೆ!

ಶಿವರಂಜಿನಿ: ಆಹಾ! ನಿಜವಾದ ಆನೆ ಬಂದ್ರೂ ನಾನು ಕೇಳ್ಕೊಂಡು ತುಳೀಬೇಕಾ, ಅಪ್ಪಾ, ನೀನು ಬಂದಿದ್ದೀಯೋ, ಇಲ್ಲ ನಿನ್ನ ವಿಷಯ ಬಂದಿದ್ಯೋ ಅಂತ?

ಅಷ್ಟರಲ್ಲಿ ಹೊಲದ ಕಡೆಯಿಂದ ಮುದುಕಿಯೊಬ್ಬಳು ಕವೆಗೋಲು ಹಿಡಿದು ಸರಸರನೆ ಬಂದಳು. ಹುರುಳಿಯ ಯಜಮಾನಿ ಗುರುಸಿದ್ದಮ್ಮ. ಹುರುಳಿಯ ಕಾವಲಿಗೆ ಇಟ್ಟ ಕುರ್ಚಿಯೂ ಅವಳದೇ. ಕಾರಿನ ಹಿಂದೆ ಉದ್ದಕ್ಕೂ ಬಿದ್ದಿದ್ದ ಎರಡು ಗೆರೆಗಳನ್ನು ಬಗ್ಗಿ ನೋಡಿದಳು, ಕೈಯಲ್ಲಿ ಒಂದಿಷ್ಟು ಬಾಚಿಕೊಂಡಳು, ನೆಟ್ಟಗೆ ಶಿವಸ್ವಾಮಿಯ ಕಿಟಕಿಗೆ ಬಂದಳು.

ಗುರುಸಿದ್ದಮ್ಮ: ಯಾರಪ್ಪ ಇದ ಮಾಡ್ದೋರು?

ಶಿವಸ್ವಾಮಿ: ನಾನಲ್ಲ ಅಜ್ಜಿ! ಇವಳು! ಬ್ರೇಕ್ ಒತ್ತಿದ್ದೆಲ್ಲ ಇವಳೇ! ನನ್ ಕಾಲ ಹತ್ರ ಏನೂ ಇಲ್ಲ, ಬೇಕಾದ್ರೆ ನೋಡಿ!

ಲಿಯಾಕತ್: ಸಾಕ್ಷಿ ಸಿಕ್ತು. ತಂಗಿ, ಬ್ರೇಕ್ ನಿಂದೇ ಅಂತ ಸಾರೇ ಒಪ್ಕೊಂಡ್ರು.

ಶಿವರಂಜಿನಿ: ತಪ್ಪಾಯ್ತು ಅಜ್ಜಿ. ನಿಮ್ಮ ಹುರುಳಿ ಹಾಳಾಯ್ತೇನೋ...

ಗುರುಸಿದ್ದಮ್ಮ: ಆಳಾಯ್ತಾ? ಏ ಕೂಸು, ಇಲ್ಲಿ ನೋಡು. ಕಾಯೆಲ್ಲ ಒಡ್ದು ಕಾಳ್ ಬ್ಯಾರೆ ಒಟ್ ಬ್ಯಾರೆ ಆಗ್ಬುಟ್ಟದೆ! ವತ್ತಾರಿಂದ ಎಷ್ಟು ಬಸ್ ಓದೋ, ಎಷ್ಟು ಲಾರಿ ಓದೋ, ಎಲ್ಲ ಮೇಲ್ಮೇಲೆ ತೇಲ್ಕಂಡ್ ಓಯ್ತವೆ. ನಿನ್ ಗಾಡಿ ಉಜ್ಜಿ ಉಜ್ಜಿ ಬುಟ್ಟದೆ. ಇನ್ನೊಂದ್ ಕಿತ ಮಾಡು.

ಶಿವರಂಜಿನಿ: ಏನು?

ಗುರುಸಿದ್ದಮ್ಮ: ಇಂದಕ್ಕೋಗಿ ಬಂದು ಇನ್ನೊಂದ್ ಕಿತ ಮಾಡವ್ವ. ಈ ಪಕ್ಕದ್ದು ಅಂಗೇ ಅದೆ ನೋಡು.

ಶಿವಸ್ವಾಮಿ: ಅಜ್ಜಿ, ಇದು ಹೊಸಾ ಕಾರು! ಸೀಟಿನ ಕವರ್ ಇನ್ನೂ ತೆಗ್ದಿಲ್ಲ!

ಗುರುಸಿದ್ದಮ್ಮ: ಸೀಟಲ್ಲಿ ನಾನೇನು ಕಾಳ್ ಬಡೀತೀನಾ? ಚಕ್ರ ಅದಲ್ಲ, ಚಕ್ರ ಸಾಕು.

ಲಿಯಾಕತ್: ನನ್ನ 800 ತರಬೇಕಾಗಿತ್ತು ಅಜ್ಜಿ. ಚಕ್ರ ಲಾಕಾಗಿ ಅರೆದುಬುಡೋದು.

ಗುರುಸಿದ್ದಮ್ಮ: ಅರೆದ್ರೆ ಇಟ್ಟಾಯ್ತದೆ. ನಂಗೆ ಇಟ್ ಬ್ಯಾಡ, ಕಾಳ್ ಬೇಕು. ಇದೇ ಗಾಡಿ ಸರಿ. ಇದ್ಯಾವ ಜಾತಿ ಗಾಡಿ?

ಲಿಯಾಕತ್: ಎಬಿಎಸ್ ಅಜ್ಜಿ.

ಗುರುಸಿದ್ದಮ್ಮ: ಒಳ್ಳೇದು. ಒಕ್ಕಣೆಗೆ ಅಂತ್ಲೇ ಮಾಡ್ದಂಗದೆ. ಎಲ್ಲಿ, ಈ ಅಪ್ಪ ಒಸಿ ಕೆಳಗಿಳೀಲಿ. ಇವ್ನ ಬಾಯಿಗೆ ನನ್ ಕೋಳಿ ಎದ್ರುಕಂಡವೆ.

ಶಿವಸ್ವಾಮಿ: ನನ್ ಕಾರಿಂದ ನನ್ನೇ ಇಳ್ಸೀರಾ? ನಾನಿಲ್ದೆ ಇವಳು ಒಬ್ಬಳೇ ಎಂಗ್ ಓಡ್ಸಾಳು?

ಶಿವರಂಜಿನಿ: ಹೆಂಗೆ ಅಂತ ಇಳಿದು ನೋಡಿ.

ಇಳಿಯದೆ ಉಪಾಯವಿರಲಿಲ್ಲ, ಮುದುಕಿಯ ಕೈಯಲ್ಲಿ ಕವೆಗೋಲಿತ್ತು. ಲಿಯಾಕತ್ ಅಲಿ ಹಿಂದೆ ದೂರ ಹೋಗಿ, ಅಜ್ಜಿಯ ಕೆಂಪು ಟವೆಲ್ಲು ಬೀಸುತ್ತಾ ಬರುವ ಗಾಡಿಗಳಿಗೆ ಕಾವಲು ನಿಂತರು. ಶಿವಸ್ವಾಮಿ ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು ಬೇಲಿಯ ಪಕ್ಕ ನಿಂತ. ಶಿವರಂಜಿನಿ, ಆನೆ ಅಂದ್ರೆ ಸಾಕು ಅಜ್ಜಿ, ನಿಲ್ಲಿಸ್ತೀನಿ ಎಂದು ಹೇಳಿ, ಹಿಂದಕ್ಕೆ ಹೋಗಿ ತಿರುಗಿ ಬಂದಳು.

ಗುರುಸಿದ್ದಮ್ಮ: ಆನೆ ಬತ್ತು!

ತುಳಿತ. ಟಕಟಕಟಕ. ಚಟಚಟಚಟ. ಕಾರು ನಿಂತಿತು.

ಗುರುಸಿದ್ದಮ್ಮ: ಚಂದಾಗದೆ. ಇನ್ನೊಸಿ ಈ ಮಗ್ಗುಲಿಗೆ ಬಾ. ಆನೆ ಬತ್ತು!

ಇನ್ನೊಂದು ತುಳಿತ. ಈ ಸಲ ಶಿವರಂಜಿನಿ ಕಿರುಚಲಿಲ್ಲ. ಅದರ ಮುಂದಿನ ಸಲ ನಗುತ್ತಿದ್ದಳು. ಕಾಲಡಿ ಟಕಟಕ ಅಂದಾಗ ಹೆದರಿ ಕಾಲೆತ್ತುವ ಕಾಲ ಮುಗಿದಿತ್ತು. ಒತ್ತಿ ಹಿಡಿದು, ಕುರ್ಚಿ ತಪ್ಪಿಸಿ, ಮುದುಕಿ ಬೆರಳು ತೋರಿಸಿದ ಜಾಗಕ್ಕೆ ತಂದು ನಿಲ್ಲಿಸುತ್ತಿದ್ದಳು. ಆ ಹುರುಳಿ ರಸ್ತೆಯಲ್ಲಿ ಕಲಿತಷ್ಟು ಬ್ರೇಕನ್ನು ಯಾವ ಸ್ಕೂಲೂ ಕಲಿಸುವುದಿಲ್ಲ, ಲಿಯಾಕತ್ ಅಲಿ ಕ್ಷಮಿಸಬೇಕು.

ಗುರುಸಿದ್ದಮ್ಮ ಆಗ ಬೇಲಿಯ ಕಡೆ ತಿರುಗಿದಳು. ಶಿವಸ್ವಾಮಿಯ ಬರಿಗಾಲು ಮಣ್ಣನ್ನು ತುಳಿದು ತುಳಿದು ಮೊಣಕೈ ಇಳಿಯುವಷ್ಟು ಗುಂಡಿ ತೋಡಿತ್ತು.

ಗುರುಸಿದ್ದಮ್ಮ: ಯಾಕಪ್ಪ, ಕಾಲ್ಗೇನಾಯ್ತು? ಇರುವೆ ಕಚ್ತಾ?

ಶಿವಸ್ವಾಮಿ: ಬ್ರೇಕು ಅಜ್ಜಿ.

ಗುರುಸಿದ್ದಮ್ಮ: ಭೂಮಿಗಾ?

ಶಿವರಂಜಿನಿ ಇಳಿದು ಬಂದಳು. ಗುಂಡಿ ನೋಡಿದಳು, ಗಂಡನ ಕಾಲು ನೋಡಿದಳು.

ಶಿವರಂಜಿನಿ: ಈಗ್ಲಾದ್ರೂ ಒಪ್ಕೊಳ್ತೀರಾ? ನಾನು ನಿಲ್ಲಿಸ್ದೆ ತಾನೇ?

ಶಿವಸ್ವಾಮಿ: ನಿಲ್ಲಿಸ್ದೆ.

ಶಿವರಂಜಿನಿ: ನೀವು ಪಕ್ಕದಲ್ಲಿ ಇಲ್ದೇನೇ?

ಶಿವಸ್ವಾಮಿ: ಅದೇ ಕಣಮ್ಮಿ ನನ್ ಸಂಕಟ! ಕಾರ್ ಓದ್ರೆ ಓಗ್ಲಿ, ಗೀರು ಬಿದ್ರೆ ಬೀಳ್ಲಿ, ಯಾವನಿಗೆ ಬೇಕು ಆ ಕಾರು. ನೀನು ಒಬ್ಬಳೇ ಅಷ್ಟು ದೂರ ಓಯ್ತೀಯಲ್ಲ, ಲಾರಿ ಬತ್ತದೆ, ಎಮ್ಮೆ ಬತ್ತದೆ, ನಾನು ಬದನಗುಪ್ಪೆಲಿ ಇರ್ತೀನಿ. ನಂಗೆ ಭಯ ಆಯ್ತದೆ. ಪಕ್ಕದಲ್ಲಿದ್ರೆ ಮ್ಯಾಟನಾದ್ರೂ ಒತ್ತೀನು. ಅಲ್ಲಿ ಕುಂತ್ಕಂಡು ನಾನು ಏನ ಒತ್ಲಿ?

ಶಿವರಂಜಿನಿ ಕುಕ್ಕರಗಾಲಲ್ಲಿ ಕೂತಳು. ಸೆರಗಿನಿಂದ ಅವನ ಕಾಲಿನ ಮಣ್ಣು ಕೊಡವಿದಳು. ಗುರುಸಿದ್ದಮ್ಮ ಇದನ್ನೆಲ್ಲ ನೋಡಿ, ಆಯ್ತು, ಇನ್ನೊಂದ್ ಕಿತ ಮಾಡ್ಬುಟ್ಟು ಆಮೇಲ್ ಅಳಿ, ಬಿಸ್ಲು ಓಗ್ಬುಡ್ತದೆ ಎಂದಳು.

ಊರಿಗೆ ಬಂದ ಮೇಲೆ ಲಿಯಾಕತ್ ಅಲಿ ತಮ್ಮ ಶೆಡ್ಡಿಗೆ ಹೋಗಿ, ಗುಜರಿಗೆ ಹಾಕಲು ಇಟ್ಟಿದ್ದ ಸಾಮಾನಿನಿಂದ ಒಂದು ಹಳೇ ಬ್ರೇಕ್ ಪೆಡಲು ಎತ್ತಿಕೊಂಡು ಬಂದರು. ಹಲಗೆಗೆ ಸ್ಪ್ರಿಂಗ್ ಸಮೇತ ಬಿಗಿದು ಶಿವಸ್ವಾಮಿಯ ಕೈಯಲ್ಲಿಟ್ಟರು.

ಲಿಯಾಕತ್: ತಗೊಳ್ಳಿ ಸಾರ್. ಕಂಪನಿ ಬಸ್ಸಲ್ಲಿ ನಿಮ್ಮ ಸೀಟಿನ ಕೆಳಗೆ ಇಟ್ಕೊಳ್ಳಿ.

ಶಿವಸ್ವಾಮಿ: ಇದು ಯಾವುದಕ್ಕೆ ಕನೆಕ್ಷನ್ ಅದೆ?

ಲಿಯಾಕತ್: ಯಾವುದಕ್ಕೂ ಇಲ್ಲ.

ಶಿವಸ್ವಾಮಿ ಪೆಡಲನ್ನು ತಿರುಗಿಸಿ ಮುರುಗಿಸಿ ನೋಡಿದ. ನೆಲದ ಮೇಲಿಟ್ಟು ಒತ್ತಿದ. ಸ್ಪ್ರಿಂಗು ಕುಯ್ ಅಂದಿತು. ಅವನ ಮುಖ ಅರಳಿತು.

ಶಿವಸ್ವಾಮಿ: ಭಾಯ್, ಇದಕ್ಕೆ ಎಬಿಎಸ್ ಇದ್ಯಾ?

ಲಿಯಾಕತ್: ಇಲ್ಲ ಸಾರ್. ಹಳೇದು. ಕುಟ್ಟಿ ಕುಟ್ಟಿ ಬುಡಬೇಕು.

ಸೋಮವಾರ ಬೆಳಿಗ್ಗೆ ಸೀಟಿನ ಪ್ಲಾಸ್ಟಿಕ್ಕು ಕಿತ್ತೆಸೆದು ಶಿವರಂಜಿನಿ ಗುಂಡ್ಲುಪೇಟೆಗೆ ಹೊರಟಳು. ಅರ್ಧ ಗಂಟೆ ಬಿಟ್ಟು ಶಿವಸ್ವಾಮಿ ಹಲಗೆಯನ್ನು ಊಟದ ಬ್ಯಾಗಿನಲ್ಲಿಟ್ಟುಕೊಂಡು ಕಂಪನಿ ಬಸ್ಸು ಹತ್ತಿದ. ಪಕ್ಕದ ಸೀಟಿನ ಪುಟ್ಟಮಾದು ಅವನದೇ ಶಿಫ್ಟಿನವನು.

ಪುಟ್ಟಮಾದು: ಏನಣ್ಣೋ ಅದು, ಕಾಲ್ ಕೆಳಗೆ?

ಶಿವಸ್ವಾಮಿ: ಬ್ರೇಕು ಕಣ್ಲಾ.

ಪುಟ್ಟಮಾದು: ಬಸ್ಸಿಂದಾ?

ಶಿವಸ್ವಾಮಿ: ಅಲ್ಲ. ನಮ್ಮವಳ ಕಾರಿಂದು.

ಪುಟ್ಟಮಾದು: ಅವ್ರು ಎಲ್ಲವ್ರೆ?

ಶಿವಸ್ವಾಮಿ: ಗುಂಡ್ಲುಪೇಟೆ ರೋಡಲ್ಲಿ. ಸುಮ್ನಿರ್ಲಾ, ಈಗ ತೆರಕಣಾಂಬಿ ಹತ್ರ ಇರ್ತಾಳೆ, ಅಲ್ಲಿ ದನ ಜಾಸ್ತಿ.

ಕುಟ್ಟಿದ, ಬಿಟ್ಟ. ಕುಟ್ಟಿದ, ಬಿಟ್ಟ. ಪುಟ್ಟಮಾದು ತನ್ನ ಕಾಲು ಪಕ್ಕಕ್ಕೆ ಸರಿಸಿಕೊಂಡ. ಬದನಗುಪ್ಪೆ ಹತ್ತಿರವಾಗುತ್ತಿದ್ದಾಗ ಶಿವಸ್ವಾಮಿಗೆ ಫೋನು ಬಂತು.

ಶಿವರಂಜಿನಿ: ಬಂದು ಸೇರಿದೆ ರೀ. ತೆರಕಣಾಂಬಿ ಹತ್ರ ಒಂದು ಕರು ನುಗ್ಬುಡ್ತು. ಒತ್ತಿ ಹಿಡಿದೆ, ನಿಂತ್ಕೊಳ್ತು. ಕರು ಆರಾಮಾಗಿ ಹೋಯ್ತು.

ಶಿವಸ್ವಾಮಿ: ಗೊತ್ತು, ಗೊತ್ತು. ಕೆಲ್ಸ ನೋಡ್ಕ ಓಗು. (ಫೋನಿಟ್ಟು) ನೋಡ್ದೇನ್ಲಾ ಮಾದು? ಕರು ಬಂದದೆ. ಕರೆಕ್ಟ್ ಟೈಮಿಗೆ ಒತ್ತಿದ್ದೆ!

ಸಮಾಧಾನದಿಂದ ಹಿಂದಕ್ಕೆ ಒರಗಿ, ಸುಸ್ತಾದ ಕಾಲನ್ನು ಪೆಡಲಿನ ಮೇಲೇ ಭಾರ ಬಿಟ್ಟು ಇಟ್ಟುಕೊಂಡ. ಬಸ್ಸು ನಿಧಾನವಾಗಿ, ಆಮೇಲೆ ಇನ್ನೂ ನಿಧಾನವಾಗಿ, ಕೊನೆಗೆ ಪೂರ್ತಿ ನಿಂತಿತು. ಮುಂದೆ ರೈಲ್ವೆ ಗೇಟು ಬಿದ್ದಿತ್ತು. ಅದು ಹಿಂದೆ ಕೂತವರಿಗೆ ಕಾಣುತ್ತಿರಲಿಲ್ಲ. ಹೊತ್ತಾಯಿತು. ರೈಲು ಹೋದದ್ದೂ ಕೇಳಿಸಿತು. ಬಸ್ಸು ಅಲ್ಲಾಡಲಿಲ್ಲ. ಜನ ಗೊಣಗತೊಡಗಿದರು. ಪುಟ್ಟಮಾದು ಕಿಟಕಿಯ ಆಚೆ ನೋಡಿದ, ಗಡಿಯಾರ ನೋಡಿದ, ಕೊನೆಗೆ ಸೀಟಿನ ಕೆಳಗೆ ನೋಡಿದ, ಹಿಂದಿನ ಸೀಟಿನವರ ಕಿವಿಯಲ್ಲಿ ಏನೋ ಹೇಳಿದ.

ಪುಟ್ಟಮಾದು: ಅಣ್ಣ, ಬೇಜಾರ್ ಮಾಡ್ಕಬೇಡ. ಒಸಿ ಕಾಲ್ ತಗಿ. ಶಿಫ್ಟಿಗೆ ಹೊತ್ತಾಯ್ತದೆ.

ಶಿವಸ್ವಾಮಿ ಕಾಲೆತ್ತಿದ. ಬಸ್ಸು ಹೊರಟಿತು.

ಪುಟ್ಟಮಾದು: (ಹಿಂದಿನ ಸೀಟಿನವರಿಗೆ) ನಾನ್ ಏಳ್ಲಿಲ್ವಾ?